ಬುವಾವನ್ ಅಡುಗೆಗೆ ಫಖ್ರುನ್ನೀಸಾ ನಾಲಿಗೆ

ಬೆಳಗಿನ ಐದೂಕಾಲು. ಸೌತ್ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್ ಬಳಿ ಐ-85 ಹೆದ್ದಾರಿಯಿಂದ ಇಳಿದು ಎರಡು ಸಿಗ್ನಲ್ ದಾಟಿದರೆ, ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ ಇಪ್ಪತ್ತೆಂಟು ಕುರ್ಚಿಗಳ ಪುಟ್ಟ ಹೋಟೆಲೊಂದಿದೆ. ಹೆಸರು ‘ಬುವಾವನ್ ಕಿಚನ್’. ಮುಂಬಾಗಿಲಿಗೆ ಇನ್ನೂ ಬೀಗ, ಹಿಂದಿನ ಅಡುಗೆಮನೆಯಲ್ಲಿ ಮಾತ್ರ ದೀಪ. ಅಕ್ಕಿಮೂಟೆಗಳ ನಡುವೆ ಮಾಡಿಕೊಂಡಿರುವ ಒಂದಿಷ್ಟು ಜಾಗದಲ್ಲಿ ಬೆಳಗಿನ ನಮಾಜು ಮುಗಿಸಿದ ಫಖ್ರುನ್ನೀಸಾ ಚಾಪೆ ಮಡಚಿಟ್ಟು, ದುಪಟ್ಟಾವನ್ನು ಬಿಗಿಯಾಗಿ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತಾರೆ.

ಒಲೆಯ ಮೇಲೆ ಕೊಡದಂಥ ಪಾತ್ರೆ, ಅದರ ಬಾಯಿಗೆ ಸಿಕ್ಕಿಸಿದ ಬಿದಿರಿನ ಬುಟ್ಟಿ. ಒಳಗೆ ಹಿಂದಿನ ದಿನವೇ ನೆನೆಸಿಟ್ಟ ಅಂಟಕ್ಕಿ ಹಬೆಯಲ್ಲಿ ಬೇಯುತ್ತಿದೆ. ಇಪ್ಪತ್ತು ನಿಮಿಷಕ್ಕೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಗರಿಸುತ್ತಾರೆ. ಅಷ್ಟೂ ಅನ್ನ ಒಂದೇ ಮುದ್ದೆಯಾಗಿ ಮೇಲೆದ್ದು, ಮಗುಚಿ, ಮತ್ತೆ ಬುಟ್ಟಿಯೊಳಗೆ ಧೊಪ್ಪೆಂದು ಕೂರುತ್ತದೆ. ಒಂದು ಅಗುಳೂ ಆಚೆ ಬೀಳುವುದಿಲ್ಲ.

“ಇದು ಕಲಿಯೋಕೆ ಎರಡು ತಿಂಗಳು ತಗೊಂಡೆ. ಫಸ್ಟ್ ವೀಕ್ ಅನ್ನ ಎಲ್ಲಾ ನನ್ನ ತಲೆ ಮೇಲೇ!” ಎಂದು ಐವತ್ತೊಂಬತ್ತರ ಫಖ್ರುನ್ನೀಸಾ ನಗುತ್ತಾರೆ.

ಅನ್ನ ಇಳಿಸಿದ ಮೇಲೆ ಅವರ ನಿಜವಾದ ಕೆಲಸ ಶುರು. ಅಂದಿನ ಚಟ್ನಿ, ರಸ, ಮಸಾಲೆಗಳನ್ನು ಸಾಲಾಗಿ ಇಟ್ಟ ಒಂಬತ್ತು ಬಟ್ಟಲುಗಳ ಮುಂದೆ ನಿಂತು ಒಂದೊಂದನ್ನೇ ಮೂಸುತ್ತಾರೆ, ಚಮಚದ ತುದಿಯಲ್ಲಿ ನಾಲಿಗೆಗೆ ಸೋಕಿಸುತ್ತಾರೆ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಪಕ್ಕದಲ್ಲಿ ಕುಳ್ಳಗಿನ, ಬೆಳ್ಳಿಕೂದಲ ಹೆಂಗಸೊಬ್ಬರು ಸೆರಗಿನಂತೆ ಟವೆಲ್ ಹೊದ್ದುಕೊಂಡು ಅವರ ಮುಖವನ್ನೇ ನೋಡುತ್ತಿರುತ್ತಾರೆ. ಹೋಟೆಲಿನ ಒಡತಿ, ಅರವತ್ತೆಂಟರ ಬುವಾವನ್. ಲಾವೋಸಿನ ಸವನ್ನಖೇತ್‌ನಲ್ಲಿ ಹುಟ್ಟಿದವರು. ಮೂರು ರಾಜ್ಯಗಳ ಲಾವೋ ಜನ ಹುಡುಕಿಕೊಂಡು ಬರುವುದು ಅವರ ಕೈರುಚಿಗೆ. ಆದರೆ ಆ ರುಚಿ ಸರಿಯಾಗಿದೆಯೇ ಇಲ್ಲವೇ ಎಂದು ಹೇಳುವವರು ಮೈಸೂರಿನ ಮಂಡಿ ಮೊಹಲ್ಲಾದ ಫಖ್ರುನ್ನೀಸಾ. ಏಕೆಂದರೆ ಬುವಾವನ್ ಅವರಿಗೆ ಮೂಗು ಸತ್ತು ವರ್ಷಗಳಾಗಿವೆ.

ಫಖ್ರುನ್ನೀಸಾ ಅವರ ತಂದೆ ಮೈಸೂರಿನ ಅಗರಬತ್ತಿ ಕಾರ್ಖಾನೆಯೊಂದರಲ್ಲಿ ಸುಗಂಧ ಬೆರೆಸುವ ಕೆಲಸದಲ್ಲಿದ್ದರು. ಮನೆಯಲ್ಲಿ ಆರು ಮಕ್ಕಳನ್ನೂ ಸಾಲಾಗಿ ಕೂರಿಸಿ, ಕಣ್ಣು ಕಟ್ಟಿ, ಹತ್ತಿಯ ಉಂಡೆ ಮೂಸಿಸಿ ಇದು ಯಾವುದು, ಅದು ಯಾವುದು ಎಂದು ಕೇಳುತ್ತಿದ್ದರಂತೆ. “ಅಬ್ಬಾಗೆ ಅದೊಂದು ಆಟ. ನನ್ನ ಅಣ್ಣಂದಿರಿಗೆಲ್ಲ ಬೋರು. ನಾನೊಬ್ಬಳೇ ಎಲ್ಲಾ ಕರೆಕ್ಟ್ ಹೇಳ್ತಿದ್ದೆ. ಆದ್ರೆ ಹೆಣ್ಣುಮಗಳನ್ನ ಆ ಕೆಲಸಕ್ಕೆ ಯಾರು ತಗೋತಾರೆ? ಕಡ್ಡಿ ಹೊಸೆಯೋಕೆ ಹಾಕಿದ್ರು.” ಮದುವೆಯಾಗುವವರೆಗೂ ಹೊಸೆದರು. ದಿನಕ್ಕೆ ನಾಲ್ಕು ಸಾವಿರ ಕಡ್ಡಿ.

ಗಂಡ ತಜಮ್ಮುಲ್ ಮೆಷಿನ್ ರಿಪೇರಿ ಬಲ್ಲವರು. ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿದ್ದ ಅವರ ಅಕ್ಕ ಹಾಕಿದ್ದ ಅರ್ಜಿ ಹದಿಮೂರು ವರ್ಷ ಕಾದು ಕೊನೆಗೆ ಮಂಜೂರಾದಾಗ ಇಬ್ಬರಿಗೂ ಐವತ್ತರ ಅಂಚು. 2014ರಲ್ಲಿ ಸುವಾನಿಗೆ ಬಂದಿಳಿದರು. ಸುತ್ತಲಿನ ಕನ್ನಡದವರೆಲ್ಲ ಲ್ಯಾಪ್‌ಟಾಪ್ ಹಿಡಿದು ಕೆಲಸಕ್ಕೆ ಹೊರಟರೆ ತಜಮ್ಮುಲ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಮೂರು ವರ್ಷದ ಮೇಲೆ ಸ್ಪಾರ್ಟನ್‌ಬರ್ಗಿನ ನೂಲಿನ ಗಿರಣಿಯಲ್ಲಿ ಅವರ ಕಸುಬಿಗೆ ತಕ್ಕ ಕೆಲಸ ಸಿಕ್ಕಿತು. ಅಲ್ಲಿಗೆ ಬಂದ ಮೇಲೆ ಫಖ್ರುನ್ನೀಸಾ, ಮನೆಯಿಂದ ನಡೆದು ಹೋಗಬಹುದಾದ ದೂರದಲ್ಲಿದ್ದ ಈ ಹೋಟೆಲಿಗೆ ಪಾತ್ರೆ ತೊಳೆಯಲು ಸೇರಿದರು.

ಮೊದಲ ದಿನವೇ ಓಡಿಹೋಗಬೇಕು ಅನ್ನಿಸಿತ್ತು. ಕಾರಣ ಪಾಡೆಕ್. ಮೀನನ್ನು ಉಪ್ಪು ಮತ್ತು ಅಕ್ಕಿ ತೌಡಿನ ಜೊತೆ ತಿಂಗಳುಗಟ್ಟಲೆ ಕೊಳೆಹಾಕಿ ಮಾಡುವ ಗಟ್ಟಿ ರಸ ಅದು. ಲಾವೋ ಅಡುಗೆಗೆ ಅದೇ ಜೀವ. ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ಅದರದೇ ಆರು ಪೀಪಾಯಿಗಳಿದ್ದವು. “ಮುಚ್ಚಳ ತೆಗೆದ ತಕ್ಷಣ ನಾನು ಬ್ಯಾಕ್ ಡೋರ್‌ನಿಂದ ಪಾರ್ಕಿಂಗ್ ಲಾಟ್‌ವರೆಗೂ ಓಡಿದ್ದೆ. ಮನೆಗೆ ಹೋದ್ರೆ ಇವರು, ವಾಸನೆ ಬರೋ ಸ್ವೆಟರ್ ಬಾಗಿಲಾಚೆನೇ ಬಿಟ್ಟು ಒಳಗೆ ಬಾ ಅಂತಿದ್ರು,” ಎಂದು ಗಂಡನ ಕಡೆ ತೋರಿಸುತ್ತಾರೆ. ರಜೆಯ ದಿನ ಹೆಂಡತಿಗೆ ನೆರವಾಗಲು ಬಂದು ಪರಂಗಿಕಾಯಿ ಹೆರೆಯುತ್ತಿರುವ ತಜಮ್ಮುಲ್ ತಲೆಯೆತ್ತುವುದಿಲ್ಲ. “ಈಗ ಚಪಾತಿಗೂ ಅದೇ ಪಾಡೆಕ್ ಹಾಕಿದ ಚಟ್ನಿ ಬೇಕು ಅಂತಾರೆ, ಕೇಳಿ.”

2020ರಲ್ಲಿ ಹೋಟೆಲು ಏಳು ತಿಂಗಳು ಮುಚ್ಚಿತ್ತು. ಆಮೇಲೆ ಕಿಟಕಿಯಿಂದ ಪೊಟ್ಟಣ ಕೊಡುವಷ್ಟು ಮಾತ್ರ ತೆರೆಯಿತು. 2021ರ ಜನವರಿಯಲ್ಲಿ ಬುವಾವನ್ ಅವರಿಗೆ ಕೋವಿಡ್ ಬಂತು. ಮೂರು ವಾರಕ್ಕೆ ಎದ್ದು ಬಂದರು. ಇಳಿದುಹೋಗಿದ್ದರೂ ಎಂದಿನಂತೆ ಏಪ್ರನ್ ಕಟ್ಟಿಕೊಂಡು ಒಲೆ ಹಚ್ಚಿದರು.

ಅಂದು ಅವರು ಅಂಟಕ್ಕಿ ಹುರಿಯುತ್ತಿದ್ದರು. ಹುರಿದು ತರಿಯಾಗಿ ಕುಟ್ಟಿದ ಆ ಪುಡಿ ಇಲ್ಲದೆ ಲಾಪ್ ಇಲ್ಲ. ಕೊಚ್ಚಿದ ಮಾಂಸಕ್ಕೆ ನಿಂಬೆರಸ, ಪುದೀನ, ಈ ಪುಡಿ ಕಲಸಿದರೆ ಲಾಪ್. ಸಿಂಕಿನ ಹತ್ತಿರವಿದ್ದ ಫಖ್ರುನ್ನೀಸಾ ಮೂಗಿಗೆ ಸೀದ ವಾಸನೆ ಬಡಿಯಿತು. ತಿರುಗಿ ನೋಡಿದರೆ ಬಾಣಲೆಯಿಂದ ಹೊಗೆ ಏಳುತ್ತಿದೆ, ಅದರ ಮುಂದೆಯೇ ನಿಂತ ಬುವಾವನ್ ಕಿಟಕಿಯಾಚೆ ನೋಡುತ್ತಾ ನಿಧಾನವಾಗಿ ಸೌಟು ಆಡಿಸುತ್ತಿದ್ದಾರೆ.

“ಆಪಾ, ಸೀದು ಹೋಯ್ತು!”

ಬುವಾವನ್ ಬಾಣಲೆ ನೋಡಿದರು. ಒಲೆ ಆರಿಸಿದರು. ಅಲ್ಲೇ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟರು.

ಇಬ್ಬರದೂ ಅರೆಬರೆ ಇಂಗ್ಲಿಷ್. ಅದರಲ್ಲೇ ಅವತ್ತು ಬುವಾವನ್ ಎಲ್ಲ ಹೇಳಿಕೊಂಡರು. ಉಪ್ಪು, ಹುಳಿ, ಖಾರ ಗೊತ್ತಾಗುತ್ತದೆ, ಉಳಿದದ್ದೆಲ್ಲ ಒದ್ದೆ ಕಾಗದ ಅಗಿದಂತೆ. ಡಾಕ್ಟರು ಕಾಯಿರಿ ಎಂದಿದ್ದಾರೆ. ಪಾಡೆಕ್ ಪೀಪಾಯಿಗೆ ತಲೆ ಹಾಕಿ ನೋಡಿದರೂ ಏನೂ ಬರಲಿಲ್ಲ. “ನೋಂಗ್, ಯಾರಿಗೂ ಹೇಳಬೇಡ,” ಎಂದು ಕೈ ಹಿಡಿದುಕೊಂಡರು. ನೋಂಗ್ ಎಂದರೆ ಅವರ ಭಾಷೆಯಲ್ಲಿ ತಂಗಿ, ಆಪಾ ಎಂದರೆ ಫಖ್ರುನ್ನೀಸಾ ಅವರ ಮನೆಮಾತಿನಲ್ಲಿ ಅಕ್ಕ.

ಫಖ್ರುನ್ನೀಸಾ ಯಾರಿಗೂ ಹೇಳಲಿಲ್ಲ. ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ಒಲೆಯ ಪಕ್ಕ ನಿಂತರು.

ಆದರೆ ಒಂದು ತೊಡಕಿತ್ತು. ಮೂರು ವರ್ಷ ಆ ತಟ್ಟೆಗಳನ್ನು ತೊಳೆದಿದ್ದರೇ ಹೊರತು ಅವುಗಳಲ್ಲಿದ್ದುದನ್ನು ಅವರು ಒಮ್ಮೆಯೂ ಬಾಯಿಗೆ ಇಟ್ಟಿರಲಿಲ್ಲ. ಸರಿಯಾದ ರುಚಿ ಯಾವುದು ಎಂದು ಗೊತ್ತಿಲ್ಲದವರು ತಪ್ಪು ಹಿಡಿಯುವುದು ಹೇಗೆ? ಬುವಾವನ್ ಮಾತಿನಲ್ಲಿ ಕಲಿಸತೊಡಗಿದರು. ಪಾಡೆಕ್ ಹದಕ್ಕೆ ಬಂದಾಗ ನದಿಯ ವಾಸನೆ ಬರಬೇಕು, ಮಳೆಗಾಲದ ನದಿಯಲ್ಲ, ಬೇಸಿಗೆಯ ನದಿ. ಸುಟ್ಟ ಬದನೆಕಾಯಿ ಚಟ್ನಿಯಲ್ಲಿ ಹೊಗೆ ಹಿಂದೆ ಇರಬೇಕು, ಸಿಹಿ ಮುಂದೆ ಇರಬೇಕು. ಹೀಗೆ. “ನಾನು ನೋಡಿದ್ ನದಿ ಅಂದ್ರೆ ಶ್ರೀರಂಗಪಟ್ಟಣದ ಕಾವೇರಿ. ಏಪ್ರಿಲ್‌ನಲ್ಲಿ ನೀರು ಕಡಿಮೆ ಆದಾಗ ಬಂಡೆ ಹತ್ತಿರ ಒಂಥರಾ ಸ್ಮೆಲ್ ಬರತ್ತಲ್ಲ, ಅದನ್ನೇ ಮನಸ್ಸಲ್ಲಿ ಇಟ್ಕೊಂಡು ಮೂಸಿದೆ. ‘ಆಪಾ, ಬಂತು’ ಅಂದೆ. ಅವರು ನಂಬಿದ್ರು. ನನಗೇ ನಂಬಿಕೆ ಇರಲಿಲ್ಲ!”

ಎಷ್ಟೋ ದಿನ ಮಾಡಿದ್ದನ್ನೆಲ್ಲ ಚೆಲ್ಲಿದರು. ಜನ ಮತ್ತೆ ಒಳಗೆ ಕೂತು ಉಣ್ಣುವಂತಾದ ಮೇಲೆ, ಗಿರಾಕಿಗಳ ತಟ್ಟೆ ವಾಪಸ್ ಬಂದಾಗ ಏನು ಉಳಿದಿದೆ ಎಂದು ಫಖ್ರುನ್ನೀಸಾ ಹೋಗಿ ನೋಡುತ್ತಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ತಟ್ಟೆಗಳು ಖಾಲಿ ಬರತೊಡಗಿದವು.

ಹಂದಿಮಾಂಸದ ತಿನಿಸುಗಳನ್ನು ಬಿಟ್ಟು. ಅವುಗಳಲ್ಲಿ ಹುಳಿ ಸಾಸೇಜ್ ಆ ಹೋಟೆಲಿನ ಹೆಸರಾಂತ ತಿನಿಸು, ಶನಿವಾರಗಳಲ್ಲಿ ಅರವತ್ತರವರೆಗೂ ಖರ್ಚಾಗುತ್ತಿತ್ತು. ಅವನ್ನು ಫಖ್ರುನ್ನೀಸಾ ಬಾಯಿಗೆ ಹಾಕುವಂತಿರಲಿಲ್ಲ. ಹಾಕು ಎಂದು ಬುವಾವನ್ ಒಂದು ದಿನವೂ ಕೇಳಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಫಖ್ರುನ್ನೀಸಾ ಬಂದಾಗ ಒಡತಿ ಮೆನು ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದರು. ಹಂದಿಮಾಂಸದ ಆರು ತಿನಿಸುಗಳ ಹೆಸರಿನ ಮೇಲೆ ಬಿಳಿ ಟೇಪು ಅಂಟಿಸುತ್ತಿದ್ದರು.

“ಆಪಾ, ಬೇಡ. ನನಗೋಸ್ಕರ ಕಸ್ಟಮರ್ಸ್ ಕಳ್ಕೋಬೇಡಿ,” ಎಂದರು ಫಖ್ರುನ್ನೀಸಾ.

“ನಿನಗೋಸ್ಕರ ಅಲ್ಲ. ನೀನು ರುಚಿ ನೋಡದೆ ಇರುವುದನ್ನು ನನ್ನ ಹೆಸರಿನಲ್ಲಿ ಹೇಗೆ ಬಡಿಸಲಿ?”

ಹಲಾಲ್ ಅಂಗಡಿಯಿಂದ ಕೋಳಿ, ದನದ ಮಾಂಸ ಬರತೊಡಗಿತು. ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಮೀನು ಹೆಚ್ಚಾಯಿತು. ಆದರೆ ಹಳೆಯ ಗಿರಾಕಿಗಳು ಮುನಿಸಿಕೊಂಡರು. ಸಾಸೇಜ್ ಇಲ್ಲದ ಲಾವೋ ಹೋಟೆಲ್ ಯಾವ ಸೀಮೆಯ ಲಾವೋ ಹೋಟೆಲ್ ಎಂದು ಮುಖದ ಮೇಲೆಯೇ ಕೇಳಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಹತ್ತು ವರ್ಷದಿಂದ ಪ್ರತಿ ಭಾನುವಾರ ಬರುತ್ತಿದ್ದ ಆರು ಮನೆಯವರು ಬರುವುದನ್ನೇ ನಿಲ್ಲಿಸಿದ್ದರು. ಖಾಲಿ ಕುರ್ಚಿಗಳನ್ನು ನೋಡಿ ತಾಳಲಾರದೆ ಫಖ್ರುನ್ನೀಸಾ ಒಂದು ದಿನ ಏಪ್ರನ್ ಮಡಚಿ ಒಡತಿಯ ಕೈಗಿಟ್ಟರು. ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದರು.

ಬುವಾವನ್ ಏಪ್ರನ್ ತೆಗೆದುಕೊಂಡರು. “ಸರಿ, ಹೋಗು. ಬೀಗದ ಕೈ ಅಲ್ಲಿದೆ. ಹೋಗುವಾಗ ಬಾಗಿಲು ಹಾಕು. ನಾನೂ ಮನೆಗೆ ಹೋಗ್ತೀನಿ.” ಫಖ್ರುನ್ನೀಸಾ ಏಪ್ರನ್ ವಾಪಸ್ ಕಿತ್ತುಕೊಂಡರು.

2022ರ ಏಪ್ರಿಲ್‌ನಲ್ಲಿ ಲಾವೋ ಹೊಸವರ್ಷ ಬಂತು. ಊರಿನ ಬೌದ್ಧ ಮಂದಿರಕ್ಕೆ ದೂರದೂರದಿಂದ ಜನ ಸೇರಿದರು. ವಾಷಿಂಗ್ಟನ್ ಕಡೆಯಿಂದ ಎಂಟು ಗಂಟೆ ಪ್ರಯಾಣ ಮಾಡಿ ಬಂದ ಸೋಂಪೋನ್ ಎಂಬ ಎಂಬತ್ತರ ಮುದುಕರು ಮಗಳ ಜೊತೆ ಹೋಟೆಲಿಗೆ ಬಂದು ಕೂತರು. ಸಾಸೇಜ್ ಕೇಳಿದರು. ಇಲ್ಲವೆಂದಾಗ ಗೊಣಗಿದರು. ಬೇರೆ ದಾರಿಯಿಲ್ಲದೆ ದನದ ಮಾಂಸದ ಲಾಪ್ ತರಿಸಿಕೊಂಡರು. ಅಂಟನ್ನವನ್ನು ಬೆರಳಲ್ಲಿ ಉಂಡೆ ಕಟ್ಟಿ, ಅದರಲ್ಲಿ ಒತ್ತಿ ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು. ಅಡುಗೆಮನೆಯ ಕಿಂಡಿಯಿಂದ ಫಖ್ರುನ್ನೀಸಾ ನೋಡುತ್ತಿದ್ದರು. “ಕೆಲಸ ಕೆಟ್ಟಿತು ಅಂದ್ಕೊಂಡೆ.”

ಮುದುಕರು ಬುವಾವನ್ ಅವರನ್ನು ಕರೆದು ಏನೋ ಹೇಳಿದರು. ಬುವಾವನ್ ಮತ್ತೆ ಕೇಳಿದರು. ಅವರು ಮತ್ತೆ ಹೇಳಿದರು. ಬುವಾವನ್ ಮೇಜು ಹಿಡಿದುಕೊಂಡು ಅಳತೊಡಗಿದರು.

ಆದದ್ದು ಇಷ್ಟು: ಎಪ್ಪತ್ತರ ದಶಕದ ಕೊನೆಯಲ್ಲಿ ದೇಶ ಬಿಟ್ಟು ಓಡಿಬಂದವರು ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿದ್ದಾಗ, ಬುವಾವನ್ ಅವರ ತಾಯಿ ಗುಡಿಸಲ ಮುಂದೆ ಒಲೆ ಹೂಡಿ ಅಡುಗೆ ಮಾಡಿ ಹಂಚುತ್ತಿದ್ದರು. ಅದನ್ನು ಉಂಡವರಲ್ಲಿ ಸೋಂಪೋನ್ ಒಬ್ಬರು, ಬುವಾವನ್ ಅವರನ್ನೂ ಆಗಿನಿಂದ ಬಲ್ಲವರು. “ಇದು ನಿನ್ನ ಅಮ್ಮನ ಕೈ,” ಎಂದಿದ್ದರು ಅವರು. ಒಂದು ವರ್ಷದಿಂದ ತಾನು ಬಡಿಸುತ್ತಿರುವುದು ಅಮ್ಮನ ರುಚಿಯೋ ಅಲ್ಲವೋ ಎಂದು ಸ್ವತಃ ತಿಳಿಯಲಾರದೆ, ಪರಭಾಷೆಯ ಹೆಂಗಸೊಬ್ಬಳ ಮಾತನ್ನೇ ನೆಚ್ಚಿ ಬದುಕಿದ್ದ ಬುವಾವನ್ ಅವರಿಗೆ ಅಷ್ಟು ಸಾಕಾಗಿತ್ತು. ಅಲ್ಲಿಯವರೆಗೆ ಮುಚ್ಚಿಟ್ಟದ್ದನ್ನು ತುಂಬಿದ ಹೋಟೆಲಿನ ಎದುರು ಹೇಳಿಬಿಟ್ಟರು. ಒಳಗೆ ಹೋಗಿ ಫಖ್ರುನ್ನೀಸಾ ಅವರನ್ನು ಕೈಹಿಡಿದು ಹೊರಗೆ ಎಳೆದುಕೊಂಡು ಬಂದರು.

“ಎಲ್ಲರೂ ನೋಡ್ತಾ ಇದ್ರು. ನನ್ನ ಕೈ ಎಲ್ಲಾ ಬೆಳ್ಳುಳ್ಳಿ. ಆ ಅಜ್ಜ ಎದ್ದು ನಿಂತು ಎರಡೂ ಕೈ ಜೋಡಿಸಿದ್ರು. ನಾನು ಸಲಾಂ ಮಾಡಿದೆ. ಇನ್ನೇನು ಮಾಡ್ಲಿ ಹೇಳಿ?”

ಮಾತು ಹಬ್ಬಿತು. ಮುನಿಸಿಕೊಂಡ ಆರು ಮನೆಗಳಲ್ಲಿ ನಾಲ್ಕು ಮರಳಿವೆ, ಎರಡು ಇನ್ನೂ ಬಂದಿಲ್ಲ. ಆದರೆ ಬೇರೆಯವರು ಬರುತ್ತಿದ್ದಾರೆ. ವಾಷಿಂಗ್ಟನ್ ಬಳಿಯ ಎಲಿಕಾಟ್ ಸಿಟಿಯ ನಮ್ರತಾ, ಯಶವಂತ್ ದಂಪತಿ ಸುವಾನಿಯ ನೆಂಟರ ಮನೆಗೆ ಕಾರಿನಲ್ಲಿ ಹೋಗುವಾಗೆಲ್ಲ ಇಲ್ಲಿ ಇಳಿಯುತ್ತಾರೆ. “ಫಸ್ಟ್ ಟೈಮ್ ಗ್ಯಾಸ್ ಹಾಕ್ಸೋಕೆ ಎಕ್ಸಿಟ್ ತಗೊಂಡಿದ್ವಿ. ಇಲ್ಲಿ ವೆಜ್ ಏನಿರತ್ತೋ ಏನೋ ಅಂತ ನಾವು ಮಾತಾಡ್ಕೊಳ್ತಾ ಇದ್ರೆ ಒಳಗಿಂದ ಕನ್ನಡದಲ್ಲಿ, ‘ವೆಜ್ಜೂ ಇದೆ ಬನ್ನಿ, ಪರಂಗಿಕಾಯಿ ಕೋಸಂಬರಿ ಮೀನಿನ ನೀರು ಹಾಕದೆ ಕುಟ್ಟಿ ಕೊಡ್ತೀನಿ’ ಅಂತ ಕೇಳಿಸ್ತು. ನಾನು ಬೆಚ್ಚಿಬಿದ್ದೆ!” ಎನ್ನುತ್ತಾರೆ ನಮ್ರತಾ. ಅಂಥವರಿಗೆಂದೇ ಫಖ್ರುನ್ನೀಸಾ ಬೇರೆ ಒರಳು ಇಟ್ಟಿದ್ದಾರೆ. ಪರಂಗಿಕಾಯಿ, ಟೊಮೆಟೊ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಅದರಲ್ಲಿ ಬೀಳುತ್ತವೆ. ಬಾಳೆಲೆಯಲ್ಲಿ ಬೇಯಿಸಿದ ಅಣಬೆಯೂ ಇದೆ. ದಂಪತಿಯ ಒಂಬತ್ತು ವರ್ಷದ ಮಗಳು ಹರಿಣಿ ಖಾಲಿ ಬುಟ್ಟಿ ಹಿಡಿದು ಬರುತ್ತಾಳೆ. “ಆಂಟಿ, ಮೋರ್ ಸ್ಟಿಕಿ ರೈಸ್ ಪ್ಲೀಸ್. ತುಂಬಾ ಚೆನ್ನಾಗಿ ಇದೆ.”

ದಿನಕ್ಕೆ ನಲವತ್ತು ಪೌಂಡ್ ಅಂಟಕ್ಕಿ, ಮೂವತ್ತು ಪರಂಗಿಕಾಯಿ, ವಾರಾಂತ್ಯಕ್ಕೆ ಇದರ ಎರಡರಷ್ಟು. ರಂಜಾನ್ ತಿಂಗಳಲ್ಲಿ ಹಗಲು ರುಚಿ ನೋಡುವಂತಿಲ್ಲ. ಆಗ ಇಬ್ಬರೂ ಇನ್ನೂ ಬೇಗ ಬಂದು, ಉಪವಾಸಕ್ಕೆ ಮುಂಚಿನ ಊಟವಾದ ಸೆಹರಿಯ ಹೊತ್ತಿಗೇ ಒಂಬತ್ತೂ ಬಟ್ಟಲು ಹದ ಮಾಡಿ ಮುಗಿಸುತ್ತಾರೆ. ಫಖ್ರುನ್ನೀಸಾ ಅವರಿಗೆ ಮೊಣಕೈ ನೋವಿದೆ. ವಾರಕ್ಕೊಂದು ದಿನ, ಸೋಮವಾರ, ರಜೆ. ಬುವಾವನ್ ಅವರಿಗೆ ಕಳೆದ ವರ್ಷದಿಂದ ಕಾಫಿ ಮತ್ತು ಪೆಟ್ರೋಲಿನ ವಾಸನೆ ಸ್ವಲ್ಪ ತಿಳಿಯುತ್ತಿದೆ, ಪಾಡೆಕ್ ಇನ್ನೂ ಇಲ್ಲ. ಪೂರ್ತಿ ಬಂದುಬಿಟ್ಟರೆ ನಿಮ್ಮ ಕೆಲಸ ಹೋಗುತ್ತದಲ್ಲ ಎಂದು ಕೇಳಿದರೆ ಫಖ್ರುನ್ನೀಸಾ ಗದರುತ್ತಾರೆ. “ಛೆ, ಹಾಗೆ ಅನ್ಬೇಡಿ. ಬರ್ಲಿ. ನಾನು ಖುಷಿಯಾಗಿ ಪಾತ್ರೆ ತೊಳೀತೀನಿ.”

ಈಚೆಗೆ ಅವರು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಮಗಳು ಮುನೀಬಾ ಅರ್ಜಿ ತುಂಬುತ್ತಾ, ಉದ್ಯೋಗದ ಜಾಗದಲ್ಲಿ ಏನು ಬರೆಯಲಿ ಅಮ್ಮೀ, ಹೆಲ್ಪರ್ ಅಂತಲಾ ಎಂದು ಕೇಳಿದಳಂತೆ. ಅಡುಗೆಯವಳು ಅಂತ ಬರಿ ಎಂದರು ಫಖ್ರುನ್ನೀಸಾ.

“ಇಂಟರ್‌ವ್ಯೂನಲ್ಲಿ ಆಫೀಸರ್ ಅದನ್ನು ಓದಿ, ಇಂಡಿಯನ್ ಫುಡ್ಡಾ ಅಂತ ಕೇಳಿದ್ರು. ನೋ ಸರ್, ಲಾವೋ ಫುಡ್ ಅಂದೆ. ಅವರು ಪೆನ್ ಕೆಳಗೆ ಇಟ್ಟು ನನ್ನ ಮುಖ ನೋಡಿದ್ರು. ಇನ್ನು ಏನೇನು ಕೊಶ್ಚನ್ ಕೇಳ್ತಾರೋ ಅಂತ ಹೆದರಿಕೆ ಆಯ್ತು. ಒಂದೇ ಕೇಳಿದ್ರು, ‘ಈ ಕಡೆ ಒಳ್ಳೇದು ಎಲ್ಲಿ ಸಿಗತ್ತೆ?’ ಅಂತ.” ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಫಖ್ರುನ್ನೀಸಾ ಮತ್ತೊಂದು ಬುಟ್ಟಿ ಒಲೆಗೇರಿಸುತ್ತಾರೆ. “ನಮ್ಮದೇ ಅಡ್ರೆಸ್ ಕೊಟ್ಟೆ.”