ಗುರುವಾರದ ನಡಿಗೆ

ಇದು ಕಳೆದ ವರ್ಷ ದಸರಾ ರಜೆ ಮುಗಿದು ಕಾಲೇಜು ಮತ್ತೆ ಶುರುವಾದ ದಿನಗಳಲ್ಲಿ ನಡೆದದ್ದು. ದೀಪಾವಳಿ ಕಳೆದ ಮೇಲೆ ಇದ್ದರೂ ಇರಬಹುದು. ನನ್ನ ನೆನಪಿನ ಮೇಲೆ ನನಗೆ ಈಗ ಮೊದಲಿನಷ್ಟು ಭರವಸೆ ಇಲ್ಲ. ಯಾಕೆ ಎನ್ನುವುದನ್ನೇ ಬರೆಯಲು ಹೊರಟಿದ್ದೇನೆ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿ, ಬನಶಂಕರಿಯ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಯಸ್ಸು ನಲವತ್ತನಾಲ್ಕು, ಮದುವೆಯಾಗಿಲ್ಲ. ಜಯನಗರದ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಒಬ್ಬನೇ ಇದ್ದೇನೆ. ಕೆಲವು ವರ್ಷಗಳಿಂದ ನನಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆ ಇದೆ. ಹೆಸರು ಕೇಳಿ ಹೆದರಬೇಡಿ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಬೆನ್ನುಮೂಳೆಯ ಕೀಲುಗಳ ಮೇಲೆ ಎರಗುತ್ತದೆ, ಅಲ್ಲಿ ಉರಿಯೂತವಾಗುತ್ತದೆ. ಬೆಳಿಗ್ಗೆ ಎದ್ದಾಗ ಸೊಂಟದಿಂದ ಕುತ್ತಿಗೆಯವರೆಗೆ ಮರದ ಹಲಗೆ ಕಟ್ಟಿದ ಹಾಗಿರುತ್ತದೆ. ಮಲಗಿದರೆ ಜಾಸ್ತಿ, ನಡೆದರೆ ಕಡಿಮೆ. ಹಾಗಾಗಿ ದಿನಾ ಬೆಳಿಗ್ಗೆ ಮನೆ ಹತ್ತಿರದ ಪಾರ್ಕಿನಲ್ಲಿ ನಡೆಯುತ್ತೇನೆ.

ಮಾತ್ರೆಗಳಿಂದ ನೋವು ಪೂರ್ತಿ ಹತೋಟಿಗೆ ಬರುತ್ತಿರಲಿಲ್ಲ. ಕಳೆದ ವರ್ಷ ಮಳೆಗಾಲದಲ್ಲಂತೂ ರಾತ್ರಿ ಮಗ್ಗುಲು ಬದಲಿಸಬೇಕೆಂದರೂ ಮಂಚದ ಅಂಚು ಹಿಡಿದುಕೊಳ್ಳಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ, ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದ ಒಂದು ಕೆಲಸ ಮಾಡಿದೆ. ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲಿದ್ದ ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ಹೋದೆ.

ಡಾಕ್ಟರು ನನ್ನ ರಿಪೋರ್ಟುಗಳನ್ನು ಓದಿ, "ನಂಬಿಕೆ ಇದ್ಯಾ ಸಾರ್ ಇದ್ರಲ್ಲಿ?" ಎಂದು ಕೇಳಿದರು.

"ಇಲ್ಲ."

"ಪರವಾಗಿಲ್ಲ, ಮಲ್ಕೊಳಿ. ನಂಬಿಕೆ ಇಲ್ದೋರಿಗೂ ಅದೇ ಸೂಜಿ, ಅದೇ ಫೀಸು." ಆಮೇಲೆ ನಗು ನಿಲ್ಲಿಸಿ, "ಒಂದ್ ಮಾತು. ನಿಮ್ಮ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ನಾನು ನೋವಿಗೆ ಸೂಜಿ ಹಾಕ್ತೀನಿ. ಕಾಯಿಲೆಗೆ ನಿಮ್ಮ ಡಾಕ್ಟ್ರು ಇದ್ದಾರೆ," ಎಂದರು.

ಕೂದಲೆಳೆಯಂಥ ಸೂಜಿಗಳು. ಹಾಕಿದ್ದೇ ಗೊತ್ತಾಗಲಿಲ್ಲ. ಕಷ್ಟವಾದದ್ದು ಸುಮ್ಮನೆ ಮಲಗುವುದು. ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುವ ಸ್ವಭಾವ ನನ್ನದು. ಪರದೆಯ ಆಚೆಯಿಂದ ಅವರು, "ಸಾರ್, ಕಾಲ್ಬೆರಳು ಅಲ್ಲಾಡಿಸ್ತಿದ್ದೀರ, ಮಂಚ ಕಿರುಗುಟ್ಟೋದು ಇಲ್ಲಿಗೆ ಕೇಳ್ತಿದೆ," ಎಂದು ಗದರುತ್ತಿದ್ದರು. ಕೆಳಗಿನಿಂದ ಬನ್ನು ಸುಡುವ ವಾಸನೆ ಬರುತ್ತಿತ್ತು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಖುಷಿಯಾಗುವ ಬದಲು ನನಗೆ ಕಿರಿಕಿರಿ ಶುರುವಾಯಿತು. ಇದು ತಾನಾಗಿಯೇ ಏರಿ ಇಳಿಯುವ ಕಾಯಿಲೆ. ನೋವು ತೀರಾ ಜಾಸ್ತಿ ಇದ್ದಾಗಲೇ ಮನುಷ್ಯ ಹೊಸ ಚಿಕಿತ್ಸೆ ಹುಡುಕಿಕೊಂಡು ಹೋಗುವುದು. ಆಮೇಲೆ ಅದು ಇಳಿದರೆ ಹೆಸರು ಸೂಜಿಗೆ. ಇದನ್ನು ನಾನೇ ತರಗತಿಯಲ್ಲಿ ಉದಾಹರಣೆ ಕೊಟ್ಟು ವಿವರಿಸುವವನು. ಆದರೂ ಪ್ರತಿ ಬುಧವಾರ ಸಂಜೆ ಕಾಲು ಕ್ಲಿನಿಕ್ಕಿನ ಕಡೆಗೇ ಹೋಗುತ್ತಿತ್ತು.

ಹೀಗೆ ಮೂರು ತಿಂಗಳು ಕಳೆದ ಮೇಲೆ ನನ್ನ ಸಂಧಿವಾತದ ಡಾಕ್ಟರ ಹತ್ತಿರ ತಪಾಸಣೆಗೆ ಹೋದೆ. ಸೂಜಿಯ ವಿಷಯವನ್ನೂ ಹೇಳಿದೆ. ರಕ್ತಪರೀಕ್ಷೆಯಲ್ಲಿ ಉರಿಯೂತ ಅಷ್ಟೇ ಇತ್ತು. ಹೊಸ ಬಗೆಯ ಇಂಜೆಕ್ಷನ್ ಶುರು ಮಾಡಬೇಕೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಅದು ರೋಗನಿರೋಧಕ ಶಕ್ತಿಯನ್ನೇ ಸ್ವಲ್ಪ ತಗ್ಗಿಸುತ್ತದೆ. ಜ್ವರ, ಸೋಂಕು ಬಂದರೆ ಎಚ್ಚರದಿಂದಿರಬೇಕು. ಒಬ್ಬನೇ ಇರುವವನಿಗೆ ರಾತ್ರಿ ಜ್ವರ ಏರಿದರೆ ಯಾರು ನೋಡಬೇಕು ಎಂಬ ಭಯದಲ್ಲಿ ನಾನು ಮುಂದೂಡುತ್ತಾ ಬಂದಿದ್ದೆ.

"ನೋವು ಹೇಗಿದೆ? ಕಡಿಮೆ ಆಗಿದ್ಯಾ?" ಎಂದು ಅವರು ಕೇಳಿದರು.

"ಆಗಿದೆ ಅನ್ಸುತ್ತೆ ಮೇಡಂ."

"ಅನ್ಸುತ್ತೆ ಅಂದ್ರೆ?"

"ಮೂರು ತಿಂಗಳ ಹಿಂದೆ ಎಷ್ಟಿತ್ತು ಅಂತ ಸರಿಯಾಗಿ ನೆನಪಿಗೆ ಬರ್ತಿಲ್ಲ. ಈಗಿನದನ್ನ ಯಾವುದಕ್ಕೆ ಹೋಲಿಸ್ಲಿ?"

"ಮನೆಯವರು ಏನಂತಾರೆ? ದಿನಾ ನೋಡೋರಿಗೆ ಗೊತ್ತಾಗುತ್ತಲ್ಲ."

"ಮನೇಲಿ ಯಾರೂ ಇಲ್ಲ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ವಾರ ಬಿಟ್ಟು ಬನ್ನಿ. ನಿಜವಾಗ್ಲೂ ಸುಧಾರಿಸಿದ್ರೆ ಇಂಜೆಕ್ಷನ್ ಸ್ವಲ್ಪ ತಡೆದು ನೋಡ್ಬಹುದು. ಇಲ್ಲಾಂದ್ರೆ ಇನ್ನು ತಡ ಮಾಡೋ ಹಾಗಿಲ್ಲ. ಮೂಳೆ ಒಂದಕ್ಕೊಂದು ಬೆಸೆದುಕೊಂಡ ಮೇಲೆ ಅದನ್ನ ಬಿಡಿಸೋಕೆ ನನಗೂ ಬರಲ್ಲ, ನಿಮ್ಮ ಸೂಜಿಯವರಿಗೂ ಬರಲ್ಲ. ಯೋಚನೆ ಮಾಡಿ ಹೇಳಿ, ನೀವು ನಿಜವಾಗ್ಲೂ ಹೇಗಿದ್ದೀರಿ ಅಂತ."

ಸುಲಭದ ಪ್ರಶ್ನೆ. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ. ಇಂಜೆಕ್ಷನ್ ಬೇಡ ಎನ್ನುವ ಆಸೆ ನೋವನ್ನು ಮುಚ್ಚಿಡುತ್ತಿದೆಯೋ, ಸೂಜಿಯ ಮೇಲಿನ ಅನುಮಾನ ಸುಧಾರಣೆಯನ್ನು ಮುಚ್ಚಿಡುತ್ತಿದೆಯೋ ತಿಳಿಯಲಿಲ್ಲ. ಹೊರಗಿನಿಂದ ನೋಡಿದ ಯಾರಾದರೊಬ್ಬರು ಬೇಕಾಗಿತ್ತು. ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ನೀನು ಯಾವಾಗ ಕೇಳಿದ್ರೂ ಪರವಾಗಿಲ್ಲ ಅಂತೀಯ. ನಂಗೇನ್ ಗೊತ್ತಾಗುತ್ತೋ?" ಎಂದಳು. ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲೇ ಕೂರುವ ಸಹೋದ್ಯೋಗಿಯನ್ನು ಕೇಳಿದೆ. "ಯಾಕ್ ಗುರು, ನಿಂಗೇನಾಗಿದೆ? ಗಟ್ಟಿಮುಟ್ಟಾಗಿದ್ದೀಯಲ್ಲ!" ಎಂದು ಬೆನ್ನಿನ ಮೇಲೇ ಹೊಡೆದ. ಅವನದೇನೂ ತಪ್ಪಿಲ್ಲ. ನಾನು ಯಾರಿಗೂ ಹೇಳಿಕೊಂಡವನಲ್ಲ.

ಆಗ ನೆನಪಾದವರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ಒಬ್ಬ ವಯಸ್ಸಾದ ಹೆಂಗಸು. ಮಂಡಿ ನೋವಂತೆ, ನಡೆಯುವವರಲ್ಲ. ಸ್ವೆಟರ್ ಹಾಕಿಕೊಂಡು ಕೂತು ನಡೆಯುವವರನ್ನು ನೋಡುತ್ತಾ ಇರುತ್ತಿದ್ದರು. ಎರಡು ವರ್ಷದಿಂದ ನಾನು ಅವರ ಮುಂದೆ ಹಾದು ಹೋಗುತ್ತಿದ್ದರೂ ಒಂದು ಮಾತೂ ಆಡಿರಲಿಲ್ಲ. ಅವರೊಬ್ಬರೊಂದಿಗೆ ಮಾತ್ರವಲ್ಲ, ಆ ಪಾರ್ಕಿನಲ್ಲಿ ಯಾರೊಂದಿಗೂ ನನಗೆ ಪರಿಚಯವಿರಲಿಲ್ಲ. ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುವ ಜಾಗದಲ್ಲಿ ನನ್ನೊಬ್ಬನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಬೆಂಗಳೂರೇ ಹೀಗೆ ಅಂದುಕೊಂಡು ಸುಮ್ಮನಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಧೈರ್ಯ ಮಾಡಿ ಅವರ ಮುಂದೆ ನಿಂತೆ. "ಮೇಡಂ, ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕಿತ್ತು."

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ಅಯ್ಯೋ ದೇವ್ರೆ, ನಿಮಗೆ ಮಾತು ಬರುತ್ತಾ!"

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ತಪ್ಪು ತಿಳ್ಕೋಬೇಡಿ. ಇಷ್ಟು ದಿನ ನಿಮಗೆ ಜಂಬ ಅಂದ್ಕೊಂಡಿದ್ವಿ. ಹಿಂದಿನಿಂದ ಗುಡ್ ಮಾರ್ನಿಂಗ್ ಅಂದ್ರೆ ತಿರುಗಲ್ಲ, ಪಕ್ಕದಲ್ಲಿ ಬಂದು ನಮಸ್ಕಾರ ಅಂದ್ರೂ ನೆಟ್ಟಗೆ ನೋಡ್ಕೊಂಡು ಹೋಗೋದು. ನಮ್ಮೆಜಮಾನ್ರು ನಾಲ್ಕೈದು ಸಲ ಮಾತಾಡ್ಸಿ, 'ಯಾರೋ ದೊಡ್ಡ ಆಫೀಸರ್ ಇರ್ಬೇಕು ಬಿಡೇ, ನಮ್ಮಂಥೋರು ಕಣ್ಣಿಗೆ ಬೀಳಲ್ಲ' ಅಂತ ಬಿಟ್ಬಿಟ್ರು."

"ನನಗೆ ಕುತ್ತಿಗೆ ತಿರುಗಲ್ಲಮ್ಮ," ಎಂದೆ. "ಬೆನ್ನುಮೂಳೆ ಕಾಯಿಲೆ. ತಿರುಗ್ಬೇಕು ಅಂದ್ರೆ ಇಡೀ ಮೈ ತಿರುಗಿಸ್ಬೇಕು."

ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು. "ಥೂ, ನಮ್ ಬಾಯಿಗಿಷ್ಟು. ಕೂತ್ಕೊಳಪ್ಪ, ಕೂತ್ಕೊಳಿ."

ನಾನು ಕೂತೆ. ತಲೆಯೊಳಗೆ ಎಲ್ಲ ಅಲುಗಾಡಿದಂತಾಗಿತ್ತು. ಅವರು ಮಾತಾಡಿಸಿದ್ದು ನನಗೆ ಕೇಳಿಸಿರಲಿಲ್ಲವೇ? ಕೇಳಿಸಿ, ಬೇರೆ ಯಾರಿಗೋ ಇರಬೇಕೆಂದು ಮುಂದೆ ಹೋಗಿದ್ದೆನೇ? ಎಷ್ಟು ಯೋಚಿಸಿದರೂ ಒಂದೇ ಒಂದು ನಮಸ್ಕಾರವೂ ನೆನಪಿಗೆ ಬರಲಿಲ್ಲ. ಎರಡು ವರ್ಷ ಯಾರೂ ನನ್ನನ್ನು ಮಾತಾಡಿಸಲಿಲ್ಲ ಎಂಬುದು ನಾನು ಅನುಮಾನವೇ ಪಡದಿದ್ದ ಸಂಗತಿ. ಅದೇ ಸುಳ್ಳಾದರೆ, ನೋವು ಕಡಿಮೆಯಾಯಿತೋ ಇಲ್ಲವೋ ಎಂದು ನನ್ನನ್ನೇ ಕೇಳಿಕೊಂಡು ಏನು ಪ್ರಯೋಜನ?

ಅವರ ಹೆಸರು ಕಮಲಮ್ಮ. ಇಲ್ಲೇ ಬೆಂಗಳೂರಿನ ಶ್ರೀನಗರದಲ್ಲಿ ಹುಟ್ಟಿ ಬೆಳೆದು, ಈಗ ಯಜಮಾನರೊಂದಿಗೆ ಪಾರ್ಕಿನ ಎದುರು ಬೀದಿಯಲ್ಲಿದ್ದಾರೆ. ನಾನು ಸೂಜಿಯ ವಿಷಯ ಹೇಳಲಿಲ್ಲ. ಚಿಕಿತ್ಸೆ ಯಾವುದೆಂದು ಗೊತ್ತಿದ್ದವರ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಇಷ್ಟೇ ಕೇಳಿದೆ: "ನೀವು ದಿನಾ ನೋಡ್ತೀರಲ್ಲ, ಮೊದಲಿಗಿಂತ ನಾನು ಈಗ ಚೆನ್ನಾಗಿ ನಡೀತಿದ್ದೀನಾ?"

ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಅವರು ನಗಲಿಲ್ಲ. "ಎಲ್ಲಿ, ಒಂದು ಸುತ್ತು ಹಾಕ್ಕೊಂಡು ಬನ್ನಿ. ನೋಡ್ತೀನಿ," ಎಂದರು.

ಎದ್ದು ಹೊರಟೆ. ಮೊದಲ ಕೆಲವು ಹೆಜ್ಜೆ ಮೌಖಿಕ ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ಎದೆಯುಬ್ಬಿಸಿ ನಡೆದೆ. ಹೊಂಗೆ ಮರದ ಹತ್ತಿರ ಅದು ಸಾಕಾಯಿತು. ಬೆನ್ನು ತನಗೆ ಬೇಕಾದ ಹಾಗೆ ಬಾಗಿತು, ನಾನು ಬಿಟ್ಟುಬಿಟ್ಟೆ. ಮಕ್ಕಳ ಜಾರುಬಂಡೆ ದಾಟಿದೆ, ವ್ಯಾಯಾಮದ ಕಂಬಿಗಳನ್ನು ದಾಟಿದೆ. ಅಷ್ಟು ದೂರದಿಂದ ನನ್ನನ್ನೇ ನೋಡುತ್ತಿರುವ ಒಂದು ಜೊತೆ ಕಣ್ಣು ಇದೆ ಎಂಬ ಅರಿವು ವಿಚಿತ್ರವಾಗಿತ್ತು. ನಾನು ನಡೆಯುವುದನ್ನು ಕೊನೆಯ ಸಲ ಒಬ್ಬರು ಹೀಗೆ ಗಮನವಿಟ್ಟು ನೋಡಿದ್ದು ಅಮ್ಮ ಇದ್ದಾಗ ಇರಬೇಕು.

ವಾಪಸು ಬಂದು ನಿಂತಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, "ನೋವಿದೆ ನಿಮಗೆ. ಜಾಸ್ತೀನೇ ಇದೆ," ಎಂದರು. "ಚೆನ್ನಾಗಾಗಿದೆ ಅಂತ ನಾನು ಸುಳ್ಳು ಹೇಳಲ್ಲಪ್ಪ. ಮಳೆಗಾಲದಲ್ಲಿ ಹೆಂಗಿದ್ರೋ ಹಂಗೇ ಇದ್ದೀರ. ಆದ್ರೆ ಗುರುವಾರ ಮಾತ್ರ ಏನೋ ಸಲೀಸಾಗಿ ನಡೀತೀರ."

"ಗುರುವಾರ ಅಂತ ಹೇಗೆ ಗೊತ್ತು?"

"ಗುರುವಾರ ನಾನು ರಾಯರ ಮಠ ಮುಗಿಸ್ಕೊಂಡು ಲೇಟಾಗಿ ಬರ್ತೀನಿ. ನಾನು ಬರೋ ಹೊತ್ಗೆ ನೀವು ಈ ಗೇಟ್ ಹತ್ರ ಇರ್ತೀರ. ಕೈ ಬೀಸ್ಕೊಂಡು, ಹುಡುಗ್ರ ಥರ. ಶುಕ್ರವಾರ ಪರವಾಗಿಲ್ಲ. ಶನಿವಾರ ಅನ್ನೋದ್ರಲ್ಲಿ ಮತ್ತೆ ಇದೇ ಗೋಳು."

ಬುಧವಾರ ಸಂಜೆಯ ಸೂಜಿಯ ವಿಷಯ ಈ ಭೂಮಿಯ ಮೇಲೆ ನನಗೂ ಆ ಕ್ಲಿನಿಕ್ಕಿನವರಿಗೂ ನನ್ನ ಸಂಧಿವಾತದ ಡಾಕ್ಟರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಮತ್ತೆ ಕೂತೆ. ಒಬ್ಬರ ಕಣ್ಣು, ಒಬ್ಬರ ನೆನಪು; ಇದು ಪುರಾವೆಯಲ್ಲ ಎಂದು ಈಗಲೂ ವಾದಿಸಬಲ್ಲೆ. ಆದರೆ ಅವತ್ತು ನನಗೆ ಉತ್ತರ ಸಿಕ್ಕಿತ್ತು. ಸೂಜಿಯಿಂದ ಒಂದೆರಡು ದಿನದ ಬಿಡುವು ಸಿಗುತ್ತಿದೆ. ಕಾಯಿಲೆ ಇದ್ದಲ್ಲೇ ಇದೆ.

ನಾನು ಏಳುವ ಮೊದಲು ಕಮಲಮ್ಮ ಇನ್ನೊಂದು ಮಾತು ಹೇಳಿದರು. "ನಾಳೆಯಿಂದ ನೀವು ಉಲ್ಟಾ ಸುತ್ತಿ. ಎಲ್ಲರೂ ಎದುರುಗಡೆಯಿಂದ ಬರ್ತಾರೆ. ಕುತ್ತಿಗೆ ತಿರುಗಿಸೋದೇ ಬೇಡ, ಮುಖ ಕಾಣ್ಸುತ್ತೆ."

ಡಾಕ್ಟರ ಹತ್ತಿರ ಹೋಗಿ, "ಸುಧಾರಿಸಿಲ್ಲ ಮೇಡಂ, ಶುರು ಮಾಡಿ," ಎಂದೆ. "ಯಾರು ಹೇಳಿದ್ರು?" ಎಂದು ಕೇಳಿದರು. "ಗೊತ್ತಿರೋರು ಒಬ್ರು," ಎಂದೆ. ಹಾಗೆ ಹೇಳುವಾಗ ನನಗೇ ಆಶ್ಚರ್ಯವಾಯಿತು.

ಇಂಜೆಕ್ಷನ್ ಈಗಲೂ ನಡೆದಿದೆ. ಬೆಳಗಿನ ಬಿಗಿತ ನಿಧಾನವಾಗಿ ಸಡಿಲವಾಗುತ್ತಿದೆ. ತಡೆಯಲಾಗದ ವಾರಗಳಲ್ಲಿ ಈಗಲೂ ಬೇಕರಿಯ ಮೇಲಿನ ಕ್ಲಿನಿಕ್ಕಿಗೆ ಹೋಗುತ್ತೇನೆ. ಪಾರ್ಕಿನಲ್ಲಿ ಉಲ್ಟಾ ಸುತ್ತುತ್ತೇನೆ. ಮೊದಲ ದಿನ ಒಬ್ಬರು, "ಸಾರ್, ಒನ್ ವೇ!" ಎಂದು ಕೂಗಿದರು. ಬೆಂಚಿನಿಂದ ಕಮಲಮ್ಮ, "ಅವರಿಗೆ ಪರ್ಮಿಷನ್ ಇದೆ ಕಣ್ರೀ, ನೀವು ನಡೀರಿ," ಎಂದು ಬಾಯಿ ಮುಚ್ಚಿಸಿದರು. ಈಗ ಪ್ರತಿ ಸುತ್ತಿನಲ್ಲೂ ಎಲ್ಲರ ಮುಖ ಕಾಣುತ್ತದೆ, ಅವರು ನಮಸ್ಕಾರ ಎನ್ನುತ್ತಾರೆ, ನಾನೂ ಎನ್ನುತ್ತೇನೆ. ಒಂದು ಕ್ಷಣ ಅಷ್ಟೆ, ಅವರು ಆ ಕಡೆ, ನಾನು ಈ ಕಡೆ. ಮನೆಗೆ ಹೋಗಿ ಬೀಗ ತೆಗೆದರೆ ಒಳಗೆ ಮೊದಲಿನಷ್ಟೇ ಸದ್ದಿಲ್ಲ. ಅದು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಇದನ್ನು ಬರೆಯುವ ಮೊದಲು, ನನ್ನ ನೆನಪು ಎಲ್ಲಿ ಕೈಕೊಟ್ಟಿದೆಯೋ ಎಂದು ಕಮಲಮ್ಮನವರಿಗೆ ಎಲ್ಲವನ್ನೂ ಹೇಳಿ, ಸರಿಯಾಗಿದೆಯೇ ಎಂದು ಕೇಳಿದೆ.

"ಗುರುವಾರದ ವಿಷಯ ನಾನು ಹೇಳಿದ್ನಾ? ಹೇಳಿರ್ಬೇಕು, ನೀವು ಓದಿದೋರು," ಎಂದರು. ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, "ನಂಗೆ ನೆನಪಿರೋದು ಒಂದೇಪ್ಪ. ನೋವಿದೆ ನಿಮಗೆ ಅಂದ ತಕ್ಷಣ ಅತ್ಬಿಟ್ರಲ್ಲ. ನಮ್ಮೆಜಮಾನ್ರು ಕರ್ಚೀಫು ಕೊಟ್ರು," ಎಂದರು.

ನನಗೆ ಅತ್ತ ನೆನಪಿಲ್ಲ. ಅವರ ಯಜಮಾನರು ಅಲ್ಲಿದ್ದದ್ದೂ ನೆನಪಿಲ್ಲ. ವಾದ ಮಾಡಬಹುದಿತ್ತು. ಮಾಡಲಿಲ್ಲ. ಅತ್ತಿದ್ದೆ ಎಂದೇ ನಂಬಿದ್ದೇನೆ.