ಮೂರು ಪೊಟ್ಟಣ ಕರಿಮೆಣಸು

ಶಂಕ್ರೆಪ್ಪ ಮಾಮಾ, ನಿಮ್ಮ ಮೂಗು ತಪ್ಪಿರಲಿಲ್ಲ. ತಪ್ಪಿದ್ದು ನಾನು — ಇಲ್ಲ, ತಪ್ಪಿದೆನೆಂದರೆ ಏನೋ ಕೈಜಾರಿದಂತಾಗುತ್ತದೆ. ಬೇಕೆಂದೇ ಮೋಸ ಮಾಡಿದೆ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ನಿಮ್ಮ ಮನೆಯಲ್ಲಿ ಚಹಾ ಕುಡಿದು ಹೋಗಿದ್ದೇನೆ.

ಬೀದರಿನಿಂದ ಬಂದು ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ನನ್ನನ್ನು, ನಮ್ಮೂರಿನವ ಎಂಬ ಒಂದೇ ಕಾರಣಕ್ಕೆ, ನೀವು ದುಡಿಯುತ್ತಿದ್ದ, ಹೊರದೇಶದ ಮಾಲು ಬಿಡಿಸಿಕೊಡುವ ಕಸ್ಟಮ್ಸ್ ಏಜೆಂಟರ ಆಫೀಸಿಗೆ ಕರೆದೊಯ್ದಿರಿ. ಕಲಿಸಿದ್ದೂ ನೀವೇ. ನೆರೆಯ ದೇಶಗಳ ಒಪ್ಪಂದದಂತೆ ಲಂಕೆಯಲ್ಲೇ ಬೆಳೆದ ಮೆಣಸಿಗೆ ಸುಂಕದ ರಿಯಾಯಿತಿ. ಬೇರೆಲ್ಲೋ ಬೆಳೆದು ಲಂಕೆಯ ಮೂಲಕ ಬಂದರೆ ಇಲ್ಲ. ಕಾಗದ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ, ಮಾಲು ನೋಡಬೇಕು ಎನ್ನುತ್ತಿದ್ದಿರಿ. ಅದಕ್ಕೇ ನಿಮ್ಮದೊಂದು ಪದ್ಧತಿ — ಕಂಟೇನರಿನ ಮುಂದಿನ, ನಡುವಿನ, ಹಿಂದಿನ ಚೀಲಗಳಿಂದ ಒಂದೊಂದು ಹಿಡಿ, ಮೂರು ಪೊಟ್ಟಣ. ಅಂಗೈಯಲ್ಲಿ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, ಯಾವ ದೇಶದ್ದೆಂದು ಹೇಳುತ್ತಿದ್ದಿರಿ. ಆಫೀಸಿನಲ್ಲಿ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಆ ದಿನ ಮೊಣಕಾಲು ನೋವೆಂದು ನೀವು ಕಂಟೇನರ್ ಹತ್ತಲಿಲ್ಲ. ನಾನು ಹತ್ತಿದೆ. ಮುಂದಿನ ಸಾಲು ಸರಿಯಾಗಿತ್ತು. ಹಿಂದಿನ ಚೀಲ ಬಿಚ್ಚಿದರೆ — ಒಳಗೆ ಇನ್ನೊಂದು ಚೀಲ, ಅದರ ಮೇಲೆ ಬೇರೊಂದು ದೇಶದ ಹೆಸರು. ನೀವು ಇಪ್ಪತ್ತು ಹೆಜ್ಜೆ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದಿರಿ, ಕೂಗಿ ಕರೆಯಬಹುದಿತ್ತು. ಆದರೆ ಬೆಳಿಗ್ಗೆ ಮಾಲೀಕರು ನನ್ನೊಬ್ಬನನ್ನೇ ಕರೆದು, ಈ ಮಾಲು ತಕರಾರಿಲ್ಲದೆ ಹೊರಬಿದ್ದರೆ ನಿನ್ನ ನೌಕರಿ ಕಾಯಂ ಎಂದಿದ್ದರು. ಚೀಲದ ಬಾಯಿ ಮುಚ್ಚಿದೆ. ಮುಂದಿನ ಸಾಲಿನಿಂದಲೇ ಮೂರು ಹಿಡಿ ತೆಗೆದು ಪೊಟ್ಟಣ ಕಟ್ಟಿ, ಮುಂದು, ನಡು, ಹಿಂದು ಎಂದು ಬರೆದೆ. ಅಕ್ಷರ ಸೊಟ್ಟಗಾಗಿತ್ತು. ನೀವು ಗಮನಿಸಲಿಲ್ಲ.

“ಮೂರೂ ಕಡಿಂದ ತಂದೀ ಹೌದಿಲ್ಲೋ?”

“ತಂದೀನ್ರೀ ಮಾಮಾ.”

ನೀವು ಮೂಸಿ, ಲಂಕೆಯದೇ ಎಂದು ಸಹಿ ಹಾಕಿದಿರಿ. ನಿಜವೇ — ನಿಮ್ಮ ಅಂಗೈಯಲ್ಲಿದ್ದದ್ದು ಲಂಕೆಯದೇ.

ಮಾಲು ದಾರಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳ ಕೈಗೆ ಸಿಕ್ಕಿಬಿತ್ತು; ಹಿಂದಿನ ಚೀಲಗಳು ಬಯಲಾದವು. ವಿಚಾರಣೆಯ ಕೋಣೆಯ ಹೊರಗೆ ನಾನು ನಿಂತಿದ್ದೆ. ನನ್ನ ಹೆಸರು ಬಂದೇ ಬರುತ್ತದೆ ಎಂದುಕೊಂಡಿದ್ದೆ. ಒಳಗೆ ನೀವು ಹೇಳಿದ್ದು ಇಷ್ಟೇ: ಬಸವರಾಜ ಸರಿಯಾಗಿಯೇ ತಂದಿದ್ದ, ನನ್ನ ಮೂಗೇ ಕೈಕೊಟ್ಟಿತು. ನನ್ನನ್ನು ಉಳಿಸಲು ಹೇಳಿದ ಮಾತಾಗಿದ್ದರೆ ಹೇಗೋ ಸಹಿಸಬಹುದಿತ್ತು. ನೀವು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಿರಿ. ನಿಮ್ಮನ್ನು ಕೆಲಸದಿಂದ ತೆಗೆದರು, ಬಾಯಿ ಬಿಡದ ನನ್ನನ್ನು ಕಾಯಂ ಮಾಡಿದರು. ಇವತ್ತಿಗೂ ನಾನು ಕೂರುವುದು ನಿಮ್ಮ ಕುರ್ಚಿಯಲ್ಲಿ.

ಹೋದ ರವಿವಾರ ಗಚ್ಚಿಬೌಲಿಯಲ್ಲಿ, ನಿಮ್ಮ ಮಗಳು ಸುಧಕ್ಕನ ಮನೆಯಲ್ಲಿ, ನನಗೆ ಚಹಾ ಮಾಡಲೆಂದು ಎದ್ದವರು ಹಾಲಿನ ಪಾತ್ರೆ ಹಿಡಿದುಕೊಂಡೇ ಹೊರಬಂದಿರಿ.

“ಹಾಲ ಕೆಟ್ಟಾವೇನ ಮೂಸಿ ನೋಡಪಾ. ನನ್ನ ಮೂಗಿಂದೇನ ಭರವಸಾ ಇಲ್ಲ.”

ನಿಮಗೆ ಹೋದದ್ದು ಕೆಲಸವಷ್ಟೇ ಎಂದುಕೊಂಡಿದ್ದೆ ನಾನು. ಕಣ್ಣು ಮುಚ್ಚಿ ದೇಶ ಹೇಳುತ್ತಿದ್ದ ಮನುಷ್ಯ ಒಂದು ಪಾತ್ರೆ ಹಾಲಿಗೆ ಇನ್ನೊಬ್ಬರನ್ನು — ಅದೂ ನನ್ನನ್ನು — ಕೇಳಬೇಕಾಯಿತು. ಹಾಲು ಚೆನ್ನಾಗಿತ್ತು.

ಅಂದಿನಿಂದ ಫೋನ್ ಬಂದರೆ ನಿಮಗೆ ತಿಳಿದುಹೋಯಿತೆಂದೇ ಹೆದರುತ್ತೇನೆ. ನಿಮ್ಮದಲ್ಲ ಎಂದಾಗ ಸಮಾಧಾನವಾಗುತ್ತದೆ, ಆ ಸಮಾಧಾನಕ್ಕೆ ನಾಚಿಕೆಯೂ… ಬಡತನ, ವಯಸ್ಸು, ಮಾಲೀಕರ ಮಾತು — ಯಾವುದನ್ನೂ ನಾನು ಅಡ್ಡ ತರುವುದಿಲ್ಲ. ಪೊಟ್ಟಣ ಕಟ್ಟಿದ ಕೈ ನನ್ನದು.

ನಾಳೆ ಈ ಪತ್ರವನ್ನು ನಿಮ್ಮೆದುರು, ಸುಧಕ್ಕನೂ ಇರುವಾಗ, ನಾನೇ ಓದುತ್ತೇನೆ. ಸೋಮವಾರ ಇದರದ್ದೇ ಒಂದು ಪ್ರತಿ ಕಸ್ಟಮ್ಸ್ ಆಫೀಸಿಗೆ ಹೋಗುತ್ತದೆ. ಮುಂದೆ ನನಗೇನಾಗುತ್ತದೋ ಗೊತ್ತಿಲ್ಲ; ಭಯವಿದೆ. ನನ್ನನ್ನು ಕ್ಷಮಿಸಬೇಡಿ ಮಾಮಾ. ನಾನು ಎದ್ದು ಹೋದ ಮೇಲೆ ಹಾಲನ್ನು ಮಾತ್ರ ನೀವೇ ಮೂಸಿ ನೋಡಿ.