ಹುಣಸೆಹಣ್ಣಿನಲ್ಲಿ ಬೆಳಗಿದ ರೈಲಿಂಜಿನ್

ಆಗೋ ಮಾತಲ್ಲ ಎಂದವನು ಸಾಲಿಗ್ರಾಮದ ಪುಟ್ಟಸ್ವಾಮಿ ಮಾವ, ನಮ್ಮ ದೊಡ್ಡಮ್ಮನ ತಮ್ಮ. ನನ್ನತ್ತ ಕೈ ತೋರಿಸಿ, ಒಂದೇ ಉಸಿರಿಗೆ ಎರಡು ಸಂಗತಿ ಸೇರಿಸಿ ದೊಡ್ಡಪ್ಪನಿಗೆ ಹೇಳಿದ್ದ. “ಭಾವ, ನಿಮ್ಮ ಆ ಇಂಜಿನ್ ಓಡದೂ ಒಂದೇ, ಈ ಉಡ್ಗಿ ಡಿಗ್ರಿ ಮಾಡದೂ ಒಂದೇ. ಎಲ್ಡೂ ಆಗೋ ಮಾತಲ್ಲ ಬುಡಿ.” ಹಾಗೆಂದು ನಕ್ಕು, ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟ. ಹಿತ್ತಾಳೆಯ ಮೇಲೆ ಹುಣಸೆಹಣ್ಣು ತಿಕ್ಕಿದಾಗ ಬರುವ ಹುಳಿಹುಳಿ ವಾಸನೆ ಇವತ್ತಿಗೂ ಮೂಗಿಗೆ ಬಡಿದರೆ ನನಗೆ ಮೊದಲು ಕೇಳುವುದು ಆ ನಗು, ಆಮೇಲೆ ಕಾಣುವುದು ಆ ಮನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದರ ಹಿಂದೆ, ಈಗ ಹೋಗಿ ಹುಡುಕಿದರೂ ಸಿಗದ ಒಂದು ಮನೆಯಿರಬಹುದು.

ನಮ್ಮದು ಕೆ.ಆರ್. ನಗರದ ಸ್ಟೇಷನ್ ಪಕ್ಕದ ರೈಲ್ವೆ ಕ್ವಾರ್ಟರ್ಸು. ದೊಡ್ಡಪ್ಪ ಪಾಯಿಂಟ್ಸ್‌ಮನ್, ಬರುವ ಗಾಡಿಗೆ ಹಳಿ ತಿರುಗಿಸಿಕೊಡುವ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. ನಮ್ಮಪ್ಪ ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆದು, ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಸೌದೆ ತುಂಬುತ್ತಾ ಕೂರುತ್ತಿದ್ದವನು. ನಮ್ಮ ಕಡೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಓದಲಿ ಅಂತ ನನ್ನನ್ನು ಅಣ್ಣನ ಮನೆಗೆ ತಂದುಬಿಟ್ಟ. ಎರಡು ಕೋಣೆ, ಒಂದು ಹಿತ್ತಿಲು. ಒಣಹಾಕಿದ ಬಟ್ಟೆಯೆಲ್ಲ ಕಲ್ಲಿದ್ದಲ ಹೊಗೆ ನಾರುತ್ತಿತ್ತು. ಅರಸೀಕೆರೆ ಕಡೆಯ ಗಾಡಿ ಬಂದು ನಿಂತರೆ ಅಡುಗೆಮನೆಯ ತಟ್ಟೆಗಳು ಗೂಡಿನಲ್ಲೇ ಕುಣಿಯುತ್ತಿದ್ದವು. ದೊಡ್ಡಮ್ಮ ಮುದ್ದೆ ತಿರುವುತ್ತಲೇ ಮೊಣಕೈಯಲ್ಲಿ ಅವನ್ನು ಒತ್ತಿ ಹಿಡಿಯುತ್ತಿದ್ದಳು. ದೇವರ ಗೂಡಿನಲ್ಲಿ ಮನೆದೇವರ ಪಕ್ಕಕ್ಕೆ ಆ ಇಂಜಿನ್ ಇತ್ತು. ಗೇಣಿಗಿಂತ ತುಸು ಉದ್ದ, ಹಸಿರು ಬಣ್ಣ, ಕರಿ ಚಿಮಣಿ. ವರ್ಗವಾಗಿ ಹೋಗುವಾಗ ಒಬ್ಬ ಸಾಹೇಬರು ದೊಡ್ಡಪ್ಪನಿಗೆ ಕೊಟ್ಟದ್ದು. “ಬಂಗ್ಲೆ ಜಗ್ಲಿ ಮೇಲೆ ಓಡ್ಸಿ ತೋರ್ಸುದ್ರು ಕಣ್ ಮಗ. ಒಳಗೊಂದು ಸ್ಪಿರಿಟ್ ದೀಪ, ಒಂದೀಟು ನೀರು, ಅಷ್ಟೇಯ. ಸಿಳ್ಳೆ ಬೇರೆ ಆಕ್ತು,” ಎನ್ನುತ್ತಿದ್ದ. ಒಳ್ಳೇ ದಿನ ಬರಲಿ ಅಂತ ಮನೆಯಲ್ಲಿ ಅದನ್ನು ಹಚ್ಚಿರಲಿಲ್ಲ, ಓಡಿದ್ದು ನೋಡಿದವನು ಅವನೊಬ್ಬನೇ. ಕ್ವಾರ್ಟರ್ಸಿನ ಸಾಲಿನಲ್ಲಿ ಅದಕ್ಕೆ ಬುರುಡೆ ರೈಲು ಅಂತ ಹೆಸರು ಬಿತ್ತು.

ಆಯುಧಪೂಜೆ ಬಂತೆಂದರೆ ದೊಡ್ಡಪ್ಪನ ಕೈದೀಪ, ಈಳಿಗೆಮಣೆ, ಕುಡುಗೋಲಿನ ಜೊತೆ ಇಂಜಿನ್ನೂ ಹಿತ್ತಿಲ ಕಲ್ಲಿಗೆ ಇಳಿಯುತ್ತಿತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ವರ್ಷ ವರ್ಷ ಹಸಿರು ಹೋಗಿ ಒಳಗಿನ ಹಿತ್ತಾಳೆ ಬಂತು. “ನೋಡು, ಬಂಗಾರ ಆದಂಗಾಯ್ತು,” ಅಂತ ಅವಳಿಗೆ ಹಿಗ್ಗು. ದೊಡ್ಡಪ್ಪ ಮುಂಭಾಗಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಚಿಮಣಿಗೆ ಒಂದು ಚೆಂಡುಹೂ ಸಿಕ್ಕಿಸುತ್ತಿದ್ದ. ಅಂಥದೇ ಒಂದು ಹಬ್ಬದಲ್ಲಿ ಪುಟ್ಟಸ್ವಾಮಿ ಮಾವ ಆ ಮಾತು ಆಡಿದ್ದು. ದೊಡ್ಡಪ್ಪ ರೇಗಲಿಲ್ಲ. “ಇವ್ಳು ಡಿಗ್ರಿ ಕಾಗ್ದ ತಂದ ದಿನ ಇದ್ಕೆ ಬೆಂಕಿ ಆಕಿ ಓಡುಸ್ತೀನಿ. ಬಾರ್ಲಾ ಅವತ್ತು,” ಅಂದ.

ನಾನು ಮೈಸೂರಿನ ಕಾಲೇಜಿಗೆ ದಿನಾ ಗಾಡಿಯಲ್ಲೇ ಹೋಗಿಬಂದೆ. ಬುತ್ತಿ ತೊಡೆಯ ಮೇಲೆ, ಪುಸ್ತಕ ಬುತ್ತಿಯ ಮೇಲೆ. ಫೇಲಾದದ್ದೂ ಉಂಟು, ಮತ್ತೆ ಕಟ್ಟಿ ಪಾಸಾದದ್ದೂ ಉಂಟು. ಕೊನೆಯ ವರ್ಷ ದೊಡ್ಡಪ್ಪ ಡ್ಯೂಟಿ ಮುಗಿಸಿ ಬಂದು, ಎದೆ ನೋವು ಎಂದು ಮಲಗಿದವನು ಏಳಲಿಲ್ಲ. ಕ್ವಾರ್ಟರ್ಸು ಬಿಟ್ಟುಕೊಟ್ಟು ಬಾಡಿಗೆ ಕೋಣೆಗೆ ಬಂದೆವು. ಡಿಗ್ರಿ ಬಂದ ದಿನ ಕಾಗದವನ್ನು ಇಂಜಿನ್ ಪಕ್ಕದಲ್ಲಿಟ್ಟೆ. ಬೆಂಕಿ ಹಾಕುವವರು ಯಾರೂ ಇರಲಿಲ್ಲ. ದೊಡ್ಡಮ್ಮ ಊಟಕ್ಕೆ ಕರೆದಳು, ಉಂಡೆ. ಅಳು ಬರಬೇಕಿತ್ತು ಅಂತ ಗೊತ್ತಿತ್ತು, ಬರಲಿಲ್ಲ. ಮುಂದೆ ಮೀಟರ್‌ಗೇಜ್ ಹಳಿ ಕಿತ್ತರು, ಕ್ವಾರ್ಟರ್ಸು ಕೆಡವಿದರು. ಆಗಲೂ ಬಸ್ಸಿನ ಕಿಟಕಿಯಿಂದ ನೋಡಿದೆ, ಅಷ್ಟೆ.

ಈಗ ನಾನು ಹುಣಸೂರಿನಲ್ಲಿ ಮೇಡಂ, ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳುತ್ತೇನೆ. ದೊಡ್ಡಮ್ಮ ನನ್ನ ಜೊತೆಗಿದ್ದಾಳೆ. ಈ ಸಲ ನವರಾತ್ರಿ ಶುರುವಾದಾಗ ಇದ್ದಕ್ಕಿದ್ದಂತೆ ಅಂದಳು: “ಅದು ನಿಜವಾಗ್ಲೂ ಓಡ್ತಿತ್ತಾ ಅಂತ ಯಾರ್ನಾರ ಕೇಳ್ಕೊಂಡು ಬಾ ಮಗ. ಎಲ್ರೂ ಬುರುಡೆ ಅಂದ್ರು. ನಾನೂ ನಂಬಿರ್ನಿಲ್ಲ. ಅವ್ರ ಮುಂದೇನೂ ಅನ್ನಿಲ್ಲ, ಆದ್ರೆ ನಂಬಿರ್ನಿಲ್ಲ.” ನಾನು ಕೇಳಿಬರುತ್ತೇನೆ ಅಂದೆ.

ಮೈಸೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಮಹಡಿಯ ಕೋಣೆ ತುಂಬಾ ಆಟದ ರೈಲು ಹಾಕಿಕೊಂಡಿದ್ದಾರೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಇಂಜಿನ್ನನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ಕೋಣೆಯ ಸುತ್ತ ಹಳಿ, ರಟ್ಟಿನ ಗುಡ್ಡ, ಸುರಂಗ, ಬೆರಳುದ್ದದ ಸ್ಟೇಷನ್. ಡಾಕ್ಟರು ಇಂಜಿನ್ ತಿರುಗಿಸಿ ನೋಡಿ, ಅಯಸ್ಕಾಂತ ಹಿಡಿದು, ಗಾಲಿಯ ಅಗಲ ಅಳೆದರು. “ಮೈಯೆಲ್ಲ ಹಿತ್ತಾಳೆ. ಬಣ್ಣ ಎಲ್ಲಿ ಮೇಡಂ?”

“ಆಯುಧಪೂಜೆಗೆ ಬೆಳಗುತ್ತಿದ್ದರು. ಹುಣಸೆಹಣ್ಣಲ್ಲಿ.”

“ಹಲ್ಲುಜ್ಜಿದ ಹಾಗೆ ಉಜ್ಜಿಬಿಟ್ಟಿದ್ದಾರಲ್ರೀ! ಹಳೇ ಮಾಡೆಲ್‌ಗೆ ಬಣ್ಣಾನೇ ಬೆಲೆ. ಅದೇ ಹೋಯ್ತು.” ಚಾಲಕ ನಿಲ್ಲುವ ಗೂಡಿನ ಒಳಮೂಲೆಯಲ್ಲಿ ಉಗುರಗಲ ಹಸಿರು ಉಳಿದಿತ್ತು. ಅದನ್ನು ತೋರಿಸಿ, ಇದನ್ನಾದರೂ ಉಳಿಸಿ, ಇನ್ನು ಹುಣಸೆಹಣ್ಣು ಮುಟ್ಟಿಸಲೇಬೇಡಿ ಎಂದರು.

ಆಮೇಲೆ ಬಾಯೊಳಗೆ ಹಿಡಿಯುವ ಆ ಪುಟ್ಟ ಕನ್ನಡಿಯನ್ನು ಇಂಜಿನ್ನಿನ ಹೊಟ್ಟೆಯಡಿಗೆ ತೂರಿಸಿದರು. ಸಣ್ಣ ಕೊಕ್ಕೆಯಲ್ಲಿ ಕೆರೆದು ಬಿಳಿ ಹತ್ತಿಗೆ ಒರೆಸಿ ನನ್ನ ಮುಂದಿಟ್ಟರು. ಕರಿ ಮಸಿ. ದೊಡ್ಡಮ್ಮನ ಬೆರಳು ಹೋಗದ ಇನ್ನೊಂದು ಜಾಗ ಅದು. “ದೀಪದ ತಟ್ಟೆ ಇಲ್ಲೇ ಇದೆ. ಇದು ಉರಿದಿದೆ ಮೇಡಂ. ಗಾಲಿಯ ಅಂಚೂ ಸವೆದಿದೆ, ಅಂದರೆ ಹಳಿ ಮೇಲೆ ಓಡಿದೆ. ಶುದ್ಧ ಹಬೆ ಇಂಜಿನ್. ಆದರೆ ಬಾಯ್ಲರ್ ಬೆಸುಗೆ ಬಿರುಕು ಬಿಟ್ಟಿದೆ. ಇನ್ನು ಬೆಂಕಿ ಹಾಕೋ ಹಾಗಿಲ್ಲ, ಸಿಡಿಯುತ್ತೆ.” ತಮ್ಮ ಹಳಿಯ ಮೇಲಿಟ್ಟು ಬೆರಳಲ್ಲಿ ನೂಕಿದರು. ಸದ್ದಿಲ್ಲದೆ ಸ್ಟೇಷನ್ನಿನವರೆಗೆ ಉರುಳಿ ನಿಂತಿತು. “ಕೊಡ್ತೀರಾ? ಓಡದಿದ್ದರೂ ಇಲ್ಲಿ ನಿಂತಿರಲಿ.” ಮನೆಯಲ್ಲಿ ಕೇಳಬೇಕು ಎಂದು ಇಂಜಿನ್ ಮತ್ತೆ ಸೀರೆಯಲ್ಲಿ ಸುತ್ತಿಕೊಂಡೆ. ನನಗೆ ಏನಾದರೂ ಅನ್ನಿಸಬೇಕಿತ್ತು. ಎದುರಿನ ಗಡಿಯಾರ ನೋಡಿ, ಹುಣಸೂರಿನ ಬಸ್ಸು ಸಿಗುತ್ತದಾ ಎಂದು ಯೋಚಿಸುತ್ತಿದ್ದೆ.

ಹೇಳಿದ್ದನ್ನು ಬರೆದುಕೊಡಿ ಅಂತ ಕೇಳಿದೆ. ಹಲ್ಲಿನ ಚಿತ್ರವಿದ್ದ ತಮ್ಮ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿದರು. ಮಾಲೀಕರ ಹೆಸರು ಎಂಬಲ್ಲಿ ದೊಡ್ಡಪ್ಪನ ಹೆಸರು ಹೇಳಿದೆ.

ಮನೆಗೆ ಬಂದಾಗ ಅದೇ ವಾಸನೆ. ದೊಡ್ಡಮ್ಮ ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತು ದೀಪದ ಕಂಬ ಬೆಳಗುತ್ತಿದ್ದಳು. ನಾಳೆ ಆಯುಧಪೂಜೆ. ಹಾಳೆ ಬಿಡಿಸಿ ಕನ್ನಡದಲ್ಲಿ ಹೇಳಿದೆ: ಇದು ಹಬೆಯ ಇಂಜಿನ್, ಉರಿದ ಮಸಿ ಇದೆ, ಓಡಿದ ಗುರುತಿದೆ. ಬಿರುಕಿನ ಮಾತೂ ಹೇಳಿದೆ. ಬಣ್ಣದ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಓದು ಬಾರದವಳು ಮೊಹರಿನ ಮೇಲೆ ಹೆಬ್ಬೆರಳಾಡಿಸಿದಳು.

“ಅವ್ರ ಹೆಸ್ರು ಎಲ್ಲೈತೆ?”

ತೋರಿಸಿದೆ. ಹೆಬ್ಬೆರಳನ್ನು ಮೊಹರಿನಿಂದ ಆ ಹೆಸರಿನ ಮೇಲಕ್ಕೆ ಸರಿಸಿದಳು.

“ಪುಟ್ಟಸ್ವಾಮಿಗೊಂದು ಫೋನ್ ಮಾಡು. ಕಿವಿ ಕೇಳಾಕಿಲ್ಲ ಅವ್ನಿಗೆ, ಕಿರ್ಚಿ ಹೇಳು. ಕಾಗ್ದವ ನಿನ್ ಡಿಗ್ರಿ ಕಾಗ್ದದ ಜೊತೆ ಮಡುಗು. ಇಂಜಿನ್ ಕೊಡಿಲ್ಲಿ ಮಗ, ಹುಣಸೆಹಣ್ಣು ಆಗ್ಲೇ ನೆಂದು ಕೂತದೆ.”